‘ಶಿಪ್‌ಶೇಪ್ ಅಂಡ್ ಬ್ರಿಸ್ಟಲ್ ಫ್ಯಾಷನ್’ ಅಂದರೆ ಮನೆ ಹೇಗಿರಬೇಕು?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಳೆ. ಮುಂದಿನ ತಿಂಗಳು ಖಾಲಿ ಮಾಡಬೇಕು. ಹೋಗುವಾಗ ಫ್ಲ್ಯಾಟು ‘ಶಿಪ್‌ಶೇಪ್ ಅಂಡ್ ಬ್ರಿಸ್ಟಲ್ ಫ್ಯಾಷನ್’ ಇರಬೇಕು ಅಂತ ಮಾಲೀಕರು ಇಮೇಲ್ ಕಳಿಸಿದ್ದಾರಂತೆ. ಸ್ವಚ್ಛ ಮಾಡಿ ಹೋಗಿ ಅಂತ ಅರ್ಥ ಇರಬೇಕು ಅಂತಾಳೆ ಮಗಳು. ಅವಳ ಗೆಳತಿ, ಇದು ಗುಲಾಮರ ಹಡಗುಗಳ ಕಾಲದ ಮಾತು, ಬಳಸಬಾರದು ಅಂದಳಂತೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ‘ಸ್ಪಿಕ್ ಅಂಡ್ ಸ್ಪ್ಯಾನ್’ ಗೊತ್ತು, ಮಕ್ಕಳಿಗೂ ಹೇಳಿಕೊಟ್ಟಿದ್ದೇನೆ. ಇದನ್ನು ಕೇಳಿಯೇ ಇರಲಿಲ್ಲ. ಎರಡೂ ಒಂದೇನಾ? ಒಂದು ಊರಿನ ಹೆಸರು ಇದರೊಳಗೆ ಯಾಕೆ ಬಂತು?
— ದಾವಣಗೆರೆಯ ಓದುಗರು

ಉತ್ತರ: ಮೇಡಂ, ನಿಮ್ಮ ಮಗಳ ಊಹೆ ಮುಕ್ಕಾಲು ಪಾಲು ಸರಿ. ಇಲ್ಲಿನ ‘ಫ್ಯಾಷನ್’ ಬಟ್ಟೆಬರೆಯ ಫ್ಯಾಷನ್ ಅಲ್ಲ, ರೀತಿ ಅಥವಾ ಪದ್ಧತಿ ಎಂಬ ಹಳೆಯ ಅರ್ಥದ್ದು. ‘ಹಡಗಿನಲ್ಲಿ ಇರಬೇಕಾದ ಹಾಗೆ, ಅದೂ ಬ್ರಿಸ್ಟಲ್‌ನವರು ಇಡುವ ಹಾಗೆ’ ಎಂಬುದು ಈ ನುಡಿಗಟ್ಟಿನ ನೇರ ತಿರುಳು. ಉಳಿದ ಕಾಲು ಪಾಲು ಏನೆಂದರೆ, ಈ ಮಾತು ಸ್ವಚ್ಛತೆಗಿಂತ ಮೊದಲು ವ್ಯವಸ್ಥೆಯನ್ನು ಕೇಳುತ್ತದೆ. ನೆಲ ಥಳಥಳ ಹೊಳೆಯುತ್ತಿದ್ದು, ಕಪಾಟಿನ ಬಾಗಿಲು ಒಂದೇ ತಿರುಗಣಿಯ ಮೇಲೆ ಜೋತಾಡುತ್ತಿದ್ದರೆ ಮನೆ ಸ್ವಚ್ಛ ಇರಬಹುದು, ಶಿಪ್‌ಶೇಪ್ ಅಲ್ಲ.

ಇದು ಅರ್ಥವಾಗಬೇಕಾದರೆ ಹಾಯಿಹಡಗಿನ ಒಳಗೆ ಒಂದು ಸಲ ಹೋಗಿಬರಬೇಕು. ಮೂರು ಕಂಬದ ದೊಡ್ಡ ಹಾಯಿಹಡಗಿನಲ್ಲಿ ಹಾಯಿಗಳನ್ನು ಏರಿಸಲು, ಇಳಿಸಲು, ತಿರುಗಿಸಲು ಇರುತ್ತಿದ್ದ ಹಗ್ಗಗಳು ನೂರಕ್ಕೂ ಹೆಚ್ಚು. ಪ್ರತಿ ಹಗ್ಗಕ್ಕೂ ಹಡಗಿನ ಅಂಚಿನ ಪಟ್ಟಿಯಲ್ಲಿ ತನ್ನದೇ ಗೂಟ, ತನ್ನದೇ ಜಾಗ. ಈ ಜಾಗಗಳು ಹಡಗಿನಿಂದ ಹಡಗಿಗೆ ಹೆಚ್ಚು ಬದಲಾಗುತ್ತಿರಲಿಲ್ಲ. ಹೊಸ ಹಡಗಿಗೆ ನಿನ್ನೆ ಸೇರಿದ ನಾವಿಕನೂ ನಡುರಾತ್ರಿ ಬಿರುಗಾಳಿ ಎದ್ದರೆ ಕಣ್ಣು ಕಾಣದ ಕತ್ತಲಲ್ಲಿ ಕೈಚಾಚಿ ಬೇಕಾದ ಹಗ್ಗವನ್ನೇ ಹಿಡಿಯಬೇಕು. ಕರೆಂಟು ಹೋದಾಗ ನಮ್ಮ ಕೈಗೆ ಒಗ್ಗರಣೆ ಡಬ್ಬಿ ಸಿಗುತ್ತದಲ್ಲ, ಹಾಗೆ. ಆದರೆ ಅಲ್ಲಿ ತಪ್ಪು ಹಗ್ಗ ಬಿಚ್ಚಿದರೆ ಮೇಲೆ ಹತ್ತಿರುವವನ ಪ್ರಾಣ ಹೋಗುತ್ತಿತ್ತು. ಕೆಳಗೆ ಸರಕಿನ ಅಂಕಣದಲ್ಲೂ ಅದೇ ಮಾತು. ಬಿಗಿಯಾಗಿ ಜೋಡಿಸದ ಪೀಪಾಯಿ ಹಡಗು ವಾಲಿದಾಗ ಉರುಳುತ್ತದೆ, ಉರುಳಿದ ಭಾರ ಹಡಗನ್ನು ಇನ್ನಷ್ಟು ವಾಲಿಸುತ್ತದೆ. ಹಾಗಾಗಿ ನಾವಿಕರ ಪಾಲಿಗೆ ಅಚ್ಚುಕಟ್ಟು ಎಂಬುದು ಅತಿಥಿಗಳು ಬಂದಾಗ ತೋರಿಸುವ ಅಲಂಕಾರ ಆಗಿರಲಿಲ್ಲ.

‘ಶಿಪ್‌ಶೇಪ್’ ಪದದ ಹಳೆಯ ರೂಪ ‘ಶಿಪ್‌ಶೇಪನ್’ 17ನೇ ಶತಮಾನದ ನಾವಿಕರ ಭಾಷೆಯಲ್ಲೇ ಇದೆ. ಹಡಗಿಗೆ ತಕ್ಕ ಆಕಾರದಲ್ಲಿರುವುದು ಎಂದು ಅರ್ಥ. ಇದರ ಎದುರು ಪದ ಯಾವುದೆಂದು ನೋಡಿದರೆ ಅರ್ಥ ಇನ್ನೂ ತಿಳಿಯಾಗುತ್ತದೆ. ಬಿರುಗಾಳಿಗೆ ಕಂಬ ಮುರಿದಾಗ ಕೈಗೆ ಸಿಕ್ಕ ಮರ, ಸಿಕ್ಕ ಹಗ್ಗ ಕಟ್ಟಿಕೊಂಡು ಹೇಗೋ ದಡ ಸೇರುವ ವ್ಯವಸ್ಥೆಗೆ ‘ಜ್ಯೂರಿ ರಿಗ್’ ಎನ್ನುತ್ತಿದ್ದರು. ನಮ್ಮವರು ‘ಜುಗಾಡು’ ಅನ್ನುವುದು ಇದಕ್ಕೇ. ದಡ ಸೇರಿ ಹೊಸ ಕಂಬ ನಿಲ್ಲಿಸಿ, ಹಗ್ಗ ಹಾಯಿಗಳನ್ನೆಲ್ಲ ಕ್ರಮದಂತೆ ಕಟ್ಟಿ ಮುಗಿಸಿದರೆ ಆಗ ಅದು ಶಿಪ್‌ಶೇಪ್. ಗುಡಿಸಿ ಒರೆಸುವ ಮಾತು ಇದಕ್ಕೆ ಸೇರಿಕೊಂಡದ್ದು ಆಮೇಲೆ.

ಸೇರಿಕೊಂಡದ್ದು ಸಹಜವೂ ಹೌದು. ಹಡಗಿನ ಮೇಲಟ್ಟವನ್ನು ಬೆಳಬೆಳಗ್ಗೆ ಮರಳು, ನೀರು ಹಾಕಿ ಮೆದು ಮರಳುಗಲ್ಲಿನಿಂದ ತಿಕ್ಕುವುದು ಹಾಯಿಹಡಗುಗಳ ನಿತ್ಯಕರ್ಮ. ಆ ಕಲ್ಲಿಗೆ ‘ಹೋಲಿಸ್ಟೋನ್’ ಎಂದು ಹೆಸರು. ಮೊಣಕಾಲೂರಿ ತಿಕ್ಕಬೇಕಾದ್ದರಿಂದ ನಾವಿಕರು ದೊಡ್ಡ ಕಲ್ಲಿಗೆ ‘ಬೈಬಲ್’, ಮೂಲೆಗೆ ಹೋಗುವ ಸಣ್ಣ ಕಲ್ಲಿಗೆ ‘ಪ್ರಾರ್ಥನಾ ಪುಸ್ತಕ’ ಎಂದು ಕರೆದು ತಮಾಷೆ ಮಾಡಿಕೊಂಡಿದ್ದರು.

ನಿಮ್ಮ ಮಗಳಿಗೆ ಬಂದ ನುಡಿಗಟ್ಟು ಇಡಿಯಾಗಿ ಕಾಣುವ ಒಂದು ಪ್ರಸಿದ್ಧ ಜಾಗ ಅಮೆರಿಕದ ರಿಚರ್ಡ್ ಹೆನ್ರಿ ಡೇನಾ 1840ರಲ್ಲಿ ಪ್ರಕಟಿಸಿದ ಸಮುದ್ರಯಾನದ ಕಥನ. ಡೇನಾ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಹುಡುಗ. ದಡಾರದಿಂದ ಕಣ್ಣು ಕೆಟ್ಟು ಓದು ನಿಂತಾಗ 1834ರಲ್ಲಿ ಸಾಮಾನ್ಯ ನಾವಿಕನಾಗಿ ಹಡಗು ಹತ್ತಿದ. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ‘ಅಲರ್ಟ್’ ಎಂಬ ಬಾಸ್ಟನ್ ಹಡಗನ್ನು ಕಂಡು ಅದರ ಅಚ್ಚುಕಟ್ಟನ್ನು ಹೊಗಳುವಾಗ ಈ ಮಾತು ಬರುತ್ತದೆ. ಹೊಗಳಿಕೆಯ ಕ್ರಮ ಗಮನಿಸಿ. ಅಟ್ಟ ಕಲ್ಲಿನಿಂದ ತಿಕ್ಕಿ ತಿಕ್ಕಿ ಬಿಳಿಯಾಗಿದೆ. ಪ್ರಯಾಣಿಕರ ಕಣ್ಣು ಸೆಳೆಯುವ ಚಿನ್ನದ ಬಣ್ಣ, ಕೆತ್ತನೆಗಳ ಆಡಂಬರ ಇಲ್ಲ. ತುಕ್ಕಿಲ್ಲ, ಕೊಳೆಯಿಲ್ಲ, ಸಡಿಲ ಬಿಟ್ಟ ಹಗ್ಗವಿಲ್ಲ, ಮೇಲೆ ನೇತಾಡುವ ಹಗ್ಗದ ತುದಿಗಳಿಲ್ಲ, ಹಾಯಿಯ ಅಡ್ಡಮರಗಳು ಗೆರೆ ಎಳೆದಷ್ಟು ನೇರ. ಇದನ್ನೇ ಇಟ್ಟುಕೊಂಡು ಫ್ಲ್ಯಾಟಿನ ಪಟ್ಟಿ ಮಾಡಬಹುದು. ಇನ್ನೊಂದು ವಿಷಯವೂ ಇದರಿಂದ ಗೊತ್ತಾಗುತ್ತದೆ: 1830ರ ದಶಕದ ಹೊತ್ತಿಗೆ ಬ್ರಿಸ್ಟಲ್ಲಿನ ಹೆಸರು ಹೊತ್ತ ಈ ಮಾತು ಅಟ್ಲಾಂಟಿಕ್ ದಾಟಿ, ಅಮೆರಿಕದ ನಾವಿಕರಿಗೂ ವಿವರಣೆ ಬೇಡದಷ್ಟು ಸಲೀಸಾಗಿತ್ತು.

ಈಗ ಊರಿನ ಹೆಸರಿಗೆ ಬರೋಣ. ಇದಕ್ಕೆ ಎಲ್ಲರೂ ಹೇಳುವ ಕಥೆಯೊಂದಿದೆ. ಬಹಳ ಚೆನ್ನಾದ ಕಥೆ.

ಬ್ರಿಸ್ಟಲ್ ಸಮುದ್ರದ ದಡದಲ್ಲಿಲ್ಲ. ಸೆವರ್ನ್ ಅಳಿವೆಯಿಂದ ಏವನ್ ನದಿಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್ ಒಳಗಿದೆ. ಸೆವರ್ನ್ ಅಳಿವೆ ಬಾಯಿ ಅಗಲವಾಗಿ, ಒಳಗೆ ಹೋದಂತೆ ಕಿರಿದಾಗುತ್ತದೆ. ಅಟ್ಲಾಂಟಿಕ್‌ನಿಂದ ನುಗ್ಗುವ ಉಬ್ಬರದ ನೀರಿಗೆ ಹರಡಲು ಜಾಗ ಸಿಗದೆ ಎತ್ತರಕ್ಕೆ ಏರುತ್ತದೆ. ಏವನ್ ನದಿ ಸೇರುವ ಏವನ್‌ಮೌತ್ ಬಳಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ಏರಿಳಿತದ ಅಂತರ ಸುಮಾರು 14 ಮೀಟರ್. ಜಗತ್ತಿನ ಅತಿ ದೊಡ್ಡ ಉಬ್ಬರಗಳ ಸಾಲಿನಲ್ಲಿ ಇದಕ್ಕೆ ಜಾಗವಿದೆ. ನಮ್ಮ ಮಂಗಳೂರಿನಲ್ಲಿ ಈ ಅಂತರ ಎರಡು ಮೀಟರಿಗೂ ಕಡಿಮೆ ಎಂದರೆ ವ್ಯತ್ಯಾಸ ತಿಳಿದೀತು. ನಾಲ್ಕು ಮಹಡಿ ಎತ್ತರದ ನೀರು ದಿನಕ್ಕೆ ಎರಡು ಸಲ ಬಂದು, ಎರಡು ಸಲ ಹೋಗುತ್ತದೆ.

ನೀರು ಇದ್ದಾಗ ಹಡಗು ಒಳಗೆ ಬರುತ್ತಿತ್ತು. ಅದೂ ಸುಮ್ಮನೆ ಅಲ್ಲ. ನದಿ ಅಂಕುಡೊಂಕು, ಎರಡೂ ಬದಿ ಕಡಿದಾದ ಬಂಡೆಯ ಕಮರಿ, ಗಾಳಿ ನೆಚ್ಚುವಂತಿಲ್ಲ. ನದಿಯ ಬಾಯಿಯ ಹತ್ತಿರದ ಪಿಲ್ ಎಂಬ ಹಳ್ಳಿಯ ದಾರಿಗಾರರು ಹಡಗು ಹತ್ತಿ ದಾರಿ ತೋರಿಸುತ್ತಿದ್ದರು, ಅದೇ ಹಳ್ಳಿಯ ಆಳುಗಳು ಹುಟ್ಟು ಹಾಕುವ ದೋಣಿಗಳಿಗೆ ಹಗ್ಗ ಕಟ್ಟಿ ಹಡಗನ್ನು ಎಳೆಯುತ್ತಿದ್ದರು. ಹೀಗೆ ಊರ ನಡುವಿನ ಕಟ್ಟೆಗೆ ಬಂದು ಹಡಗು ಕಟ್ಟಿದ ಮೇಲೆ ಇಳಿತ ಶುರು. ನೀರು ಇಳಿದು ಹೋಗಿ, ನೂರಾರು ಟನ್ನಿನ ಹಡಗು ಕೆಸರಿನ ಮೇಲೆ ಕೂರುತ್ತಿತ್ತು. ತಳ ಸಮನಾಗಿಲ್ಲದಿದ್ದರೆ ಒಂದು ಕಡೆ ವಾಲುತ್ತಿತ್ತು. ಗಟ್ಟಿಮುಟ್ಟಾಗಿ ಕಟ್ಟಿಲ್ಲದ ಹಡಗಿನ ಬೆನ್ನುಮರ ಈ ಎತ್ತುವ ಇಳಿಸುವ ಆಟದಲ್ಲಿ ಬಳುಕಿ ಬಿರುಕು ಬಿಡುವ ಅಪಾಯ. ಒಳಗಿನ ಸರಕು ಸರಿಯಾಗಿ ಕಟ್ಟಿಲ್ಲದಿದ್ದರೆ ಸಕ್ಕರೆಯ ಪೀಪಾಯಿ, ವೈನಿನ ಪೀಪಾಯಿ ಎಲ್ಲ ಒಂದು ಮೂಲೆಗೆ. ಆದ್ದರಿಂದ ಬ್ರಿಸ್ಟಲ್ಲಿಗೆ ಹೋಗುವ ಹಡಗು ಗಟ್ಟಿಯಾಗಿರಬೇಕು, ಸರಕು ಬಿಗಿಯಾಗಿರಬೇಕು, ಅದೇ ‘ಬ್ರಿಸ್ಟಲ್ ಪದ್ಧತಿ’ ಎನ್ನುತ್ತದೆ ಈ ಕಥೆ. ಊರಿನ ಗೈಡುಗಳೂ ಇದನ್ನೇ ಹೇಳುತ್ತಾರೆ.

ಕಥೆಯ ಭೂಗೋಳವೆಲ್ಲ ನಿಜ. ಆದರೂ ನುಡಿಗಟ್ಟು ಹುಟ್ಟಿದ್ದು ಇದರಿಂದಲೇ ಎಂದು ನಾನು ಹೇಳಲಾರೆ. ಮೊದಲ ಅನುಮಾನ ಇಸವಿಯದು. ಹಡಗುಗಳು ಕೆಸರಿನಲ್ಲಿ ಕೂರುವ ಕಷ್ಟ ತಪ್ಪಿಸಲು ಬ್ರಿಸ್ಟಲ್‌ನವರು 1804ರಲ್ಲಿ ದೊಡ್ಡ ಕಾಮಗಾರಿ ಕೈಗೆತ್ತಿಕೊಂಡರು. ಎಂಜಿನಿಯರ್ ವಿಲಿಯಂ ಜೆಸಪ್ ಉಬ್ಬರದ ನೀರು ಹರಿದುಹೋಗಲು ಹೊಸ ಕಾಲುವೆ ತೋಡಿಸಿ, ಹಳೆಯ ನದಿಪಾತ್ರಕ್ಕೆ ಬಾಗಿಲು ಹಾಕಿ ನೀರನ್ನು ಒಳಗೇ ಹಿಡಿದಿಟ್ಟರು. 1809ರಲ್ಲಿ ಇದು ಮುಗಿಯಿತು. ಹಡಗುಗಳು ಯಾವ ಹೊತ್ತಿನಲ್ಲೂ ತೇಲುತ್ತಲೇ ಇರುವ ಬಂದರು ಎಂಬುದರಿಂದ ಇದಕ್ಕೆ ‘ಫ್ಲೋಟಿಂಗ್ ಹಾರ್ಬರ್’ ಎಂದೇ ಹೆಸರು. ನಿಮ್ಮ ಮಗಳು ಸಂಜೆ ವಾಕಿಂಗ್ ಹೋಗುವ ಹಾರ್ಬರ್‌ಸೈಡ್ ಇದೇ ಇರಬೇಕು. ನುಡಿಗಟ್ಟು ಪುಸ್ತಕಗಳಲ್ಲಿ ಮನೆಮಾತಾಗಿ ಓಡಾಡುವುದು ಕೆಸರಿನ ಕಾಲ ಮುಗಿದು ಒಂದು ತಲೆಮಾರು ಕಳೆದ ಮೇಲೆ. ನಾವಿಕರ ಬಾಯಲ್ಲಿದ್ದ ಮಾತು ಅಚ್ಚಿಗೆ ಬರುವುದು ಯಾವಾಗಲೂ ತಡವಾಗಿಯೇ, ಹಾಗಾಗಿ ಇದೊಂದರಿಂದಲೇ ಕಥೆ ಬಿದ್ದುಹೋಗುವುದಿಲ್ಲ. ಎರಡನೆಯ ಅನುಮಾನ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಇಳಿತದಲ್ಲಿ ಬತ್ತಿ ಹೋಗುವ ಬಂದರುಗಳು ಬ್ರಿಟನ್ನಿನ ಕರಾವಳಿಯುದ್ದಕ್ಕೂ ಇದ್ದವು. ಕೆಸರಿನಲ್ಲಿ ಕೂರುವುದೇ ಕಾರಣವಾಗಿದ್ದರೆ ಅವುಗಳಲ್ಲಿ ಯಾವುದರ ಹೆಸರಾದರೂ ಅಂಟಿಕೊಳ್ಳಬಹುದಿತ್ತು.

ಇದಕ್ಕಿಂತ ಸಪ್ಪೆಯಾದ, ಆದರೆ ನನಗೆ ಹೆಚ್ಚು ನಂಬಿಕೆ ಹುಟ್ಟಿಸುವ ವಿವರಣೆಯನ್ನು ಕೊಟ್ಟವರು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ವಿಲಿಯಂ ಹೆನ್ರಿ ಸ್ಮಿತ್. ಅವರು ತೀರಿಕೊಂಡ ಮೇಲೆ 1867ರಲ್ಲಿ ಹೊರಬಂದ ಅವರ ನಾವಿಕರ ಪದಕೋಶದಲ್ಲಿ ಈ ಮಾತಿಗೆ ಜಾಗ ಇದೆ. ಲಿವರ್‌ಪೂಲ್‌ನ ಕಾಟ ಇಲ್ಲದೆ ಬ್ರಿಸ್ಟಲ್ ವ್ಯಾಪಾರದಲ್ಲಿ ಮೆರೆಯುತ್ತಿದ್ದ ದಿನಗಳಲ್ಲಿ ಅಲ್ಲಿನ ಹಡಗುಗಳೆಲ್ಲ ಒಳ್ಳೆಯ ಸ್ಥಿತಿಯಲ್ಲಿರುತ್ತಿದ್ದವು, ಆಗ ಹುಟ್ಟಿದ ಮಾತು ಎಂಬುದು ಅವರ ಅಭಿಪ್ರಾಯ. ಉಬ್ಬರ, ಕೆಸರು ಯಾವುದೂ ಅವರ ಬಾಯಲ್ಲಿಲ್ಲ. ಇಡೀ ಆಯುಷ್ಯ ಸಮುದ್ರದ ಜೊತೆ ಕಳೆದ ಮನುಷ್ಯನಿಗೆ ಇಳಿತದ ಕಥೆ ಹೇಳಲೇಬೇಕು ಅನಿಸಲಿಲ್ಲ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಅಲ್ಲಿ ಲಿವರ್‌ಪೂಲ್ ಹೆಸರು ಬಂದದ್ದೂ ಸುಮ್ಮನೆ ಅಲ್ಲ. ಬಾಗಿಲು ಹಾಕಿ ನೀರು ಹಿಡಿದಿಡುವ ವಾಣಿಜ್ಯ ಹಡಗುಕಟ್ಟೆಯನ್ನು ಲಿವರ್‌ಪೂಲ್ 1715ರಲ್ಲೇ ತೆರೆದಿತ್ತು. ಬ್ರಿಸ್ಟಲ್ ಅದೇ ಕೆಲಸ ಮುಗಿಸುವ ಹೊತ್ತಿಗೆ 94 ವರ್ಷ ತಡವಾಗಿತ್ತು. ಅಷ್ಟರಲ್ಲಿ ವ್ಯಾಪಾರ ಉತ್ತರಕ್ಕೆ ಸರಿದಾಗಿತ್ತು. ಕಟ್ಟಿದ ಮೇಲೂ ಬ್ರಿಸ್ಟಲ್‌ನ ಕಷ್ಟ ತೀರಲಿಲ್ಲ. 1843ರಲ್ಲಿ ಅಲ್ಲಿಯೇ ನೀರಿಗಿಳಿದ ‘ಎಸ್.ಎಸ್. ಗ್ರೇಟ್ ಬ್ರಿಟನ್’ ಎಂಬ ಭಾರಿ ಕಬ್ಬಿಣದ ಹಡಗು ಬಂದರಿನ ಬಾಗಿಲಿಗಿಂತ ದೊಡ್ಡದಾಗಿತ್ತು! ಬಾಗಿಲ ಕಲ್ಲು ಕಿತ್ತು ಅಗಲ ಮಾಡಿ 1844ರ ಡಿಸೆಂಬರಿನಲ್ಲಿ ಹೊರಗೆ ಕಳಿಸಬೇಕಾಯಿತು. ಆ ಹಡಗು ಈಗ ತಾನು ಹುಟ್ಟಿದ ಕಟ್ಟೆಯಲ್ಲೇ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಶಿಪ್‌ಶೇಪ್ ಅಂದರೇನು ಅಂತ ಕಣ್ಣಾರೆ ನೋಡಬೇಕಿದ್ದರೆ ಮಗಳು ಊರು ಬಿಡುವ ಮೊದಲು ಒಂದು ಮಧ್ಯಾಹ್ನ ಅಲ್ಲಿ ಕಳೆಯಲಿ. ಇನ್ನೊಂದು ದಿನ ಸಿಕ್ಕರೆ ಆರ್ನೋಸ್ ವೇಲ್ ಸ್ಮಶಾನದಲ್ಲಿ ರಾಜಾ ರಾಮಮೋಹನ್ ರಾಯರ ಸಮಾಧಿ ನೋಡಲಿ. 1833ರಲ್ಲಿ ಅವರು ಕೊನೆಯುಸಿರೆಳೆದದ್ದು ಆ ಊರಿನಲ್ಲೇ.

ಗೆಳತಿಯ ಮಾತನ್ನು ತಳ್ಳಿಹಾಕುವಂತಿಲ್ಲ, ಪೂರ್ತಿ ಒಪ್ಪುವಂತೆಯೂ ಇಲ್ಲ. ಆಫ್ರಿಕಾ ವ್ಯಾಪಾರದ ಮೇಲೆ ಲಂಡನ್ ಕಂಪನಿಯೊಂದಕ್ಕಿದ್ದ ಏಕಸ್ವಾಮ್ಯ 1698ರಲ್ಲಿ ಮುರಿದ ಕೂಡಲೇ ಬ್ರಿಸ್ಟಲ್ ವರ್ತಕರು ಗುಲಾಮರ ವ್ಯಾಪಾರಕ್ಕೆ ಬಹಿರಂಗವಾಗಿ ಇಳಿದರು. 1807ರಲ್ಲಿ ಬ್ರಿಟನ್ ಅದನ್ನು ನಿಷೇಧಿಸುವ ತನಕ ಅಲ್ಲಿಂದ ಹೊರಟ ಯಾನಗಳು ಎರಡು ಸಾವಿರಕ್ಕೂ ಹೆಚ್ಚು, ಆ ಹಡಗುಗಳು ಸಾಗಿಸಿದ ಆಫ್ರಿಕನ್ನರು ಸುಮಾರು ಐದು ಲಕ್ಷ. ಬ್ರಿಸ್ಟಲ್ ಹಡಗು ಅಂದರೆ ಒಳ್ಳೆಯ ಹಡಗು ಎಂಬ ಹೆಸರು ಬಂದ ಕಾಲವೂ ಇದೇ, ಆ ಹಡಗುಗಳನ್ನು ಹೊಳೆಯುವಂತೆ ಇಡಲು ಬೇಕಾದ ದುಡ್ಡಿನಲ್ಲಿ ಈ ವ್ಯಾಪಾರದ ಪಾಲೂ ಇತ್ತು. ಎಡ್ವರ್ಡ್ ಕೋಲ್ಸ್‌ಟನ್ ಎಂಬ ಗುಲಾಮ ವ್ಯಾಪಾರಿಯ ಪ್ರತಿಮೆಯನ್ನು 2020ರ ಜೂನಿನಲ್ಲಿ ಜನ ಉರುಳಿಸಿ ಅದೇ ಬಂದರಿನ ನೀರಿಗೆ ಹಾಕಿದ್ದು ನಿಮ್ಮ ಮಗಳಿಗೆ ಗೊತ್ತಿರುತ್ತದೆ. ಇಷ್ಟೆಲ್ಲ ನಿಜವಾದರೂ, ‘ಬ್ರಿಸ್ಟಲ್ ಫ್ಯಾಷನ್’ ಎಂಬ ಮಾತು ಗುಲಾಮರನ್ನು ತುಂಬುವ ಕ್ರಮದಿಂದ ಬಂತು ಎನ್ನಲು ಆಧಾರವಿಲ್ಲ. ಹಳೆಯ ಬಳಕೆಗಳಲ್ಲೆಲ್ಲ ಇದು ಹಗ್ಗ, ಹಾಯಿ, ಅಟ್ಟಗಳ ಅಚ್ಚುಕಟ್ಟಿನ ಮಾತು. ನಾನಾದರೆ ಇದನ್ನು ಮುಜುಗರವಿಲ್ಲದೆ ಬಳಸುತ್ತೇನೆ. ಡೇನಾ ಬರೆದ ಅದೇ ಭಾಗದಲ್ಲಿ ನಿಜವಾಗಿ ಬಿಡಬೇಕಾದ ಮಾತೊಂದಿದೆ: ಮೇಲೆ ಅನಾಥವಾಗಿ ನೇತಾಡುವ ಹಗ್ಗದ ತುದಿಗಳಿಗೆ ನಾವಿಕರು ‘ಐರಿಶ್ ಪೆಂಡೆಂಟ್’ ಎನ್ನುತ್ತಿದ್ದರು. ಕೊಳಕಿಗೆ, ಅಸಡ್ಡೆಗೆ ಪಕ್ಕದ ಜನಾಂಗದ ಹೆಸರಿಡುವ ಚಾಳಿ ಅದು. ನಮ್ಮ ಗಾದೆಗಳೂ ಇದರಿಂದ ಪಾರಾಗಿಲ್ಲ ಬಿಡಿ.

ಇನ್ನು ನೀವು ತರಗತಿಯಲ್ಲಿ ಹೇಳಿಕೊಡುತ್ತಿದ್ದ ‘ಸ್ಪಿಕ್ ಅಂಡ್ ಸ್ಪ್ಯಾನ್’. ಅದರ ಬೇರು ಬೇರೆ ಕಡೆಯದು. ಸ್ಕ್ಯಾಂಡಿನೇವಿಯಾದವರ ಹಳೆಯ ನಾರ್ಸ್ ಭಾಷೆಯಲ್ಲಿ ‘ಸ್ಪಾನ್’ ಅಂದರೆ ಮರದ ಚಕ್ಕೆ. ಆಗ ತಾನೇ ಕೊಡಲಿಯಿಂದ ಹಾರಿದ ಚಕ್ಕೆಯಷ್ಟು ಹೊಸದು ಎಂಬ ಅರ್ಥದ ಪದ ಇಂಗ್ಲಿಷಿಗೆ ಬಂದು ‘ಸ್ಪ್ಯಾನ್-ನ್ಯೂ’ ಆಯಿತು. ಅದಕ್ಕೆ ಮೊಳೆ ಎಂಬ ಅರ್ಥದ ‘ಸ್ಪಿಕ್’ ಜೋಡಿಯಾಯಿತು. ಡಚ್ಚರಲ್ಲಿ ಇವತ್ತಿಗೂ ‘ಸ್ಪಿಕ್‌ಸ್ಪ್ಲಿಂಟರ್‌ನ್ಯೂ’ ಎಂಬ ಇಂಥದೇ ಪದ ಬಳಕೆಯಲ್ಲಿದೆ. ಅಂದರೆ ಇದು ಮೂಲದಲ್ಲಿ ‘ಹೊಚ್ಚ ಹೊಸದು’, ಸ್ವಚ್ಛ ಅಲ್ಲ. 1579ರಲ್ಲಿ ಥಾಮಸ್ ನಾರ್ತ್ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್‌ನನ್ನು ಇಂಗ್ಲಿಷಿಗೆ ತಂದಾಗ ಸೈನಿಕರ ನೇರಳೆ ಅಂಗಿಗಳಿಗೆ ಈ ಮಾತು ಬಳಸಿದ್ದು ಹೊಸತು ಎಂಬ ಅರ್ಥದಲ್ಲೇ.

ಈ ಅರ್ಥ ಮಗ್ಗುಲು ಬದಲಾಯಿಸುವುದನ್ನು ಸ್ಯಾಮ್ಯುಯಲ್ ಪೀಪ್ಸ್‌ನ ದಿನಚರಿಯಲ್ಲಿ ನೋಡಬಹುದು. ನೌಕಾಪಡೆಯ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಈತ 1665ರ ನವೆಂಬರ್ 15ರಂದು, ಲಂಡನ್‌ನಲ್ಲಿ ಪ್ಲೇಗ್ ಇನ್ನೂ ಪೂರ್ತಿ ತಗ್ಗದ ದಿನಗಳಲ್ಲಿ, ಸಹೋದ್ಯೋಗಿಯ ಹೆಂಡತಿ ಲೇಡಿ ಬ್ಯಾಟನ್ ಅವರ ಪೇಚಾಟ ಬರೆದಿಟ್ಟಿದ್ದಾನೆ. ಆಕೆ ‘ಸ್ಪಿಕ್ ಅಂಡ್ ಸ್ಪ್ಯಾನ್’ ಹೊಸ ಬಿಳಿ ಬೂಟು ಹಾಕಿಕೊಂಡು ಕೊಚ್ಚೆ ಗಲ್ಲಿಯಲ್ಲಿ ಹೊರಟರು. ಬೂಟಿನ ಮೇಲೆ ಹಾಕಿದ ಹೊರಜೋಡಿನ ಒಂದು ಕಾಲು ಕೆಸರಿನಲ್ಲಿ ಹೂತು ಅಲ್ಲೇ ಉಳಿಯಿತು. ಆಕೆಗೆ ಸಿಟ್ಟೋ ಸಿಟ್ಟು. ಪೀಪ್ಸ್ ‘ಹೊಸ’ ಎಂದೂ ಸೇರಿಸಿದ್ದಾನೆ, ಆದರೆ ಕೊಚ್ಚೆಯ ಪಕ್ಕದಲ್ಲಿ ಬಿಳಿ ಬೂಟು ನಿಂತಾಗ ಓದುವವರಿಗೆ ಹೊಸದು, ಶುಭ್ರ ಎರಡೂ ಒಟ್ಟಿಗೇ ಕಾಣುತ್ತದೆ. ಕ್ರಮೇಣ ‘ನ್ಯೂ’ ಉದುರಿ, 19ನೇ ಶತಮಾನದಲ್ಲಿ ಕೊಳೆಯ ಸೋಂಕಿಲ್ಲದ್ದು ಎಂಬ ಅರ್ಥವೇ ಗಟ್ಟಿಯಾಯಿತು. ಅಮೆರಿಕದಲ್ಲಿ ನೆಲ ಒರೆಸುವ ಪುಡಿಯೊಂದು ಇದೇ ಹೆಸರಿನಲ್ಲಿ ಬಂದು, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 1945ರಲ್ಲಿ ಅದನ್ನು ಕೊಂಡ ಮೇಲೆ ಮನೆಮನೆಗೆ ತಲುಪಿತು. ಒಂದು ಎಚ್ಚರ: ಇದರ ಮೊದಲ ಪದವನ್ನು ಒಂಟಿಯಾಗಿ ಅಮೆರಿಕದಲ್ಲಿ ಆಡಬಾರದು. ಸ್ಪ್ಯಾನಿಷ್ ಮಾತಾಡುವವರನ್ನು ಹೀಯಾಳಿಸುವ ಬೈಗುಳವೊಂದು ಅದೇ ಉಚ್ಚಾರಣೆಯದು. ಎರಡಕ್ಕೂ ಹುಟ್ಟಿನ ನಂಟಿಲ್ಲ, ಆದರೆ ಕಿವಿಗೆ ಅದು ತಿಳಿಯುವುದಿಲ್ಲವಲ್ಲ.

‘ಆ್ಯಪಲ್-ಪೈ ಆರ್ಡರ್’, ‘ನೀಟ್ ಆ್ಯಸ್ ಎ ನ್ಯೂ ಪಿನ್’ ಎಂಬುವೂ ಇದೇ ಬಳಗದವು. ಮೊದಲನೆಯದಕ್ಕೆ ಸೇಬಿನ ಕಡುಬಿನೊಡನೆ ಏನು ಸಂಬಂಧ ಎಂಬುದಕ್ಕೆ ಬಗೆಬಗೆಯ ಊಹೆಗಳಿವೆ. ಮಡಿಸಿದ ಬಟ್ಟೆ ಎಂಬ ಫ್ರೆಂಚ್ ಮಾತು ಇಂಗ್ಲಿಷರ ಬಾಯಲ್ಲಿ ಕೆಟ್ಟು ಸೇಬಾಯಿತು ಎನ್ನುವುದು ಅವುಗಳಲ್ಲೊಂದು. ಅದರ ಹಿಂದೆ ಹೋಗುವುದು ಬೇಡ.

ಬಳಕೆಯಲ್ಲಿ ವ್ಯತ್ಯಾಸ ಹೀಗಿದೆ. ಮನೆ, ಬಟ್ಟೆ, ಬೂಟು, ಹಾಕಿಕೊಂಡ ಮನುಷ್ಯ, ಎಲ್ಲಕ್ಕೂ ‘ಸ್ಪಿಕ್ ಅಂಡ್ ಸ್ಪ್ಯಾನ್’ ಸಲ್ಲುತ್ತದೆ. ‘ಶಿಪ್‌ಶೇಪ್’ ಹೆಚ್ಚಾಗಿ ಜಾಗಕ್ಕೆ, ಕೆಲಸದ ಮೇಜಿಗೆ, ಲೆಕ್ಕಪತ್ರಕ್ಕೆ. ಅದು ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದವಾದ ಮೇಲೆ ಬಂದರೆ ಸಹಜ: ಅಡುಗೆಮನೆಯನ್ನು ಶಿಪ್‌ಶೇಪ್ ‘ಮಾಡು’, ‘ಇಡು’. ತಟ್ಟೆ ಶಿಪ್‌ಶೇಪ್ ಇದೆ ಅಂದರೆ ಇಂಗ್ಲಿಷರು ನಗುತ್ತಾರೆ. ‘ಬ್ರಿಸ್ಟಲ್ ಫ್ಯಾಷನ್’ ಬಾಲ ಸೇರಿಸಿದರೆ ಮಾತಿಗೆ ಸ್ವಲ್ಪ ಹಳೆಯ ಕಾಲದ, ಅಜ್ಜಂದಿರ ತಮಾಷೆಯ ಧಾಟಿ ಬರುತ್ತದೆ. ಮಾಲೀಕರು ಬಹುಶಃ ಐವತ್ತು ದಾಟಿದವರು, ಇಮೇಲನ್ನು ನಯ ಮಾಡಲು ಹಾಗೆ ಬರೆದಿದ್ದಾರೆ. ಬೆಂಗಳೂರಿನ ಆಫೀಸಿನ ಮೇಲ್‌ಗಳಲ್ಲಿ ಬಾಲ ಬೇಡ, ಓದಿದವರು ನಿಮ್ಮ ಹಾಗೆಯೇ ಪ್ರಶ್ನೆ ಕೇಳುತ್ತಾರೆ. ಬಾಲವನ್ನು ಬಹುವಚನ ಮಾಡಿ ‘ಬ್ರಿಸ್ಟಲ್ಸ್’ ಅಂತಂತೂ ಎಲ್ಲೂ ಬಳಸಬೇಡಿ, ಲಂಡನ್ ಬೀದಿಭಾಷೆಯಲ್ಲಿ ಅದಕ್ಕೆ ಸಭ್ಯವಲ್ಲದ ಅರ್ಥವಿದೆ. ನಾವು ಭಾರತದಲ್ಲಿ ಸದಾ ಬರೆಯುವ ‘ನೀಟ್ ಅಂಡ್ ಕ್ಲೀನ್’ ತಪ್ಪಲ್ಲ, ಆದರೆ ಬ್ರಿಟನ್ನಿನವರ ಬಾಯಲ್ಲಿ ಸಲೀಸಾಗಿ ಬರುವುದು ‘ಕ್ಲೀನ್ ಅಂಡ್ ಟೈಡಿ’.

ಕನ್ನಡದಲ್ಲಿ ಇದಕ್ಕೆ ಹೊಂದುವ ಪದ ಕೇಳಿದರೆ ಹೆಚ್ಚಿನವರು ‘ಒಪ್ಪ ಓರಣ’ ಅಂತಾರೆ. ಪುಸ್ತಕಕ್ಕೆ ಅದು ಚೆನ್ನ. ನಾನು ನಿಮ್ಮ ಕಡೆಯ ‘ಹಸನು’ ಎಂಬ ಪದವನ್ನು ಆರಿಸಿಕೊಳ್ಳುತ್ತೇನೆ. ಅಕ್ಕಿ ಹಸನು ಮಾಡುವುದು ಅಂದರೆ ಕಲ್ಲು, ನೆಲ್ಲು ಆರಿಸಿ ಒಲೆಗೆ ಇಡಲು ಸಿದ್ಧ ಮಾಡುವುದು. ಹೊಲ ಹಸನು ಮಾಡುವುದು ಅಂದರೆ ಕಳೆ, ಕೂಳೆ ತೆಗೆದು, ಹರಗಿ, ಬಿತ್ತನೆಗೆ ಸಿದ್ಧ ಮಾಡುವುದು. ಎರಡರಲ್ಲೂ ಕಸ ತೆಗೆಯುವುದು ಮೊದಲ ಹೆಜ್ಜೆ, ಮುಂದಿನ ಕೆಲಸಕ್ಕೆ ಅಣಿಯಾಗಿಡುವುದು ಕೊನೆಯ ಹೆಜ್ಜೆ. ಶಿಪ್‌ಶೇಪ್ ಕೇಳುವುದೂ ಅಷ್ಟನ್ನೇ.

ಕೊನೆಗೆ, ನೀವು ಕೇಳದಿದ್ದರೂ ಮಗಳಿಗೆ ಬೇಕಾದ ವಿಷಯ. ಇಮೇಲಿನ ಆ ನುಡಿಗಟ್ಟಿಗೆ ಕಾನೂನಿನ ತೂಕ ಏನೂ ಇಲ್ಲ. ಇಂಗ್ಲೆಂಡಿನ ಖಾಸಗಿ ಬಾಡಿಗೆಯಲ್ಲಿ ನಿಯಮ ಸರಳ: ಮನೆ ಹಿಡಿದಾಗ ಎಷ್ಟು ಸ್ವಚ್ಛವಾಗಿತ್ತೋ ಅಷ್ಟೇ ಸ್ವಚ್ಛವಾಗಿ ಒಪ್ಪಿಸಬೇಕು, ಬಳಸಿದ್ದರಿಂದ ಸಹಜವಾಗಿ ಆದ ಸವಕಳಿಗೆ ವಿನಾಯಿತಿ. 2019ರ ಜೂನ್ 1ರಿಂದ ಜಾರಿಗೆ ಬಂದ ಬಾಡಿಗೆದಾರರ ಶುಲ್ಕ ಕಾಯ್ದೆಯ ಪ್ರಕಾರ, ಕಡ್ಡಾಯವಾಗಿ ಹಣ ಕೊಟ್ಟು ವೃತ್ತಿಪರ ಕ್ಲೀನರ್‌ಗಳನ್ನೇ ಕರೆಸಿ ಎಂದು ಮಾಲೀಕರು ಹೇಳುವಂತಿಲ್ಲ. ಮೂವರು ಹುಡುಗಿಯರು ಸೇರಿ ತಾವೇ ತಿಕ್ಕಿ ತೊಳೆದರೂ ನಡೆಯುತ್ತದೆ. ಮುಂಗಡದ ಹಣವನ್ನು ಮಾಲೀಕರು ಸರ್ಕಾರ ಮಾನ್ಯ ಮಾಡಿದ ಠೇವಣಿ ರಕ್ಷಣಾ ಯೋಜನೆಯಲ್ಲಿ ಇಟ್ಟಿರಬೇಕು. ತಕರಾರು ಬಂದರೆ ಆ ಯೋಜನೆಯವರೇ ಶುಲ್ಕವಿಲ್ಲದೆ ತೀರ್ಮಾನ ಮಾಡಿಕೊಡುತ್ತಾರೆ, ಹಣ ಕಡಿತ ಮಾಡಲು ಸಾಕ್ಷ್ಯ ತೋರಿಸುವ ಹೊಣೆ ಮಾಲೀಕರದು.

ಹಾಗಾಗಿ ಮೊದಲು ಮನೆ ಹಿಡಿದಾಗ ಸಹಿ ಮಾಡಿದ ವಸ್ತುಪಟ್ಟಿಯನ್ನು ಹುಡುಕಲಿ. ಅದರಲ್ಲಿ ಬರೆದಿರುವ ಕುರ್ಚಿ, ಪರದೆ, ಪಾತ್ರೆಗಳು ಯಾವ ಕೋಣೆಯಲ್ಲಿದ್ದವೋ ಅದೇ ಕೋಣೆಗೆ ಹೋಗಲಿ. ಸಡಿಲವಾದ ಹಿಡಿಕೆಗೆ ಸ್ಕ್ರೂ ಬಿಗಿಯಲಿ, ಸುಟ್ಟುಹೋದ ಬಲ್ಬು ಬದಲಿಸಲಿ. ಸ್ವಚ್ಛತೆಯಲ್ಲಿ ತಗಾದೆ ಹೆಚ್ಚಾಗಿ ಹುಟ್ಟುವುದು ಓವನ್ನಿನ ಒಳಗೆ, ಫ್ರಿಜ್ಜಿನ ಬಾಗಿಲಿನ ರಬ್ಬರಿನ ಸಂದಿಯಲ್ಲಿ, ಬಚ್ಚಲಿನ ನಲ್ಲಿಗಳ ಬುಡಕ್ಕೆ ಕಟ್ಟಿದ ಬಿಳಿ ಸುಣ್ಣದಲ್ಲಿ. ನಮ್ಮ ಒಗ್ಗರಣೆಯ ಎಣ್ಣೆ ಜಿಡ್ಡು ಒಲೆಯ ಮೇಲಿನ ಹೊಗೆಕೊಳವೆಯ ಜಾಲರಿಯಲ್ಲಿ ಕೂತಿರುತ್ತದೆ, ಅದನ್ನು ಬಿಚ್ಚಿ 
ಬಿಸಿನೀರು, ಸೋಡಾಪುಡಿಯಲ್ಲಿ ಒಂದು ರಾತ್ರಿ ನೆನೆಹಾಕಲಿ. ಎಲ್ಲ ಮುಗಿದ ಮೇಲೆ ಹಗಲ ಬೆಳಕಿನಲ್ಲಿ ಕೋಣೆ ಕೋಣೆಯ ಫೋಟೊ, ಓವನ್ನು ಮತ್ತು ಫ್ರಿಜ್ಜಿನ ಬಾಗಿಲು ತೆರೆದು ಒಂದೊಂದು, ತಾರೀಕು ಕಾಣುವ ಹಾಗೆ ತೆಗೆದು ಬೀಗದ ಕೈ ಕೊಡುವ ದಿನವೇ ಮಾಲೀಕರಿಗೆ ಇಮೇಲ್ ಮಾಡಲಿ. ವಿಷಯದ ಸಾಲಿನಲ್ಲಿ ‘ಶಿಪ್‌ಶೇಪ್ ಅಂಡ್ ಬ್ರಿಸ್ಟಲ್ ಫ್ಯಾಷನ್’ ಎಂದೇ ಬರೆಯಲಿ, ಮಾಲೀಕರಿಗೂ ಖುಷಿಯಾದೀತು.